ನಾಲ್ಕನೇ ಮೆಷೀನಿನ ಕೆಂಪು ದೀಪ

"ಏಳೋ ಮೇಲೆ, ಬೋಳಿಮಗನೇ! ಚಾಪೆ ದಿಂಬು ತಂದ್ಕೊಡ್ಲಾ?"

ಮ್ಯಾನೇಜರನ ಬೂಟು ಪಕ್ಕೆಗೆ ಬಿದ್ದಾಗ ಕಾಗೆ ಚಾವಣಿಯ ತಣ್ಣನೆ ಕಾಂಕ್ರೀಟಿನ ಮೇಲೆ ಬೋರಲು ಮಲಗಿ ನಾಲ್ಕನೇ ಮೆಷೀನಿನ ಒಳಗೆ ಟಾರ್ಚು ಬಿಟ್ಟು ನೋಡುತ್ತಿದ್ದ. ಹಣೆ ತಗಡಿನ ಅಂಚಿಗೆ ಬಡಿದು ಟಾರ್ಚು ಕೈತಪ್ಪಿತು.

"ನೋಡ್ತಾ ಇದೀನಿ ಸಾ."

"ಏನೋ ನೋಡೋದು, ನಿಮ್ಮಪ್ಪನ ಮದ್ವೇನಾ? ಬೆಳಿಗ್ಗೆಯಿಂದ ಮೂರು ಸಲ ಬಂತು ನನ್ನ ಫೋನಿಗೆ. ಫಾಲ್ಟು, ಫಾಲ್ಟು, ಫಾಲ್ಟು! ಕೆಳಗಡೆ ಬಟ್ಟೆ ಒಣಗ್ತಿಲ್ಲ. ನಾಲ್ಕು ಗಂಟೆಗೆ ಲಾರಿ ಬಂದು ನಿಂತ್ಕೊಳ್ಳತ್ತೆ. ನಿನ್ನ ಚರ್ಮ ಸುಲಿದು ಪೆಟ್ಟಿಗೆಗೆ ತುಂಬಲಾ?"

ಕಾಗೆ ಎನ್ನುವುದು ಅವನಿಗೆ ಕೆಳಗಿನ ಇಸ್ತ್ರಿ ಹಾಲಿನ ಹೆಂಗಸರು ಇಟ್ಟ ಹೆಸರು. ಹಗಲೆಲ್ಲ ಚಾವಣಿಯ ಮೇಲೇ ಕೂತಿರುತ್ತಾನಲ್ಲ, ಅದಕ್ಕೆ. ಬಟ್ಟೆ ಕಾರ್ಖಾನೆಯ ಚಾವಣಿಯ ಮೇಲೆ ಸಾಲಾಗಿ ಆರು ಮೆಷೀನು. ಬೇಸಿಗೆಗೆ ತಣ್ಣನೆ ಗಾಳಿ, ಚಳಿಗಾಲಕ್ಕೆ ಗ್ಯಾಸಿನ ಬೆಂಕಿಯಿಂದ ಕಾಯಿಸಿದ ಬಿಸಿ ಗಾಳಿ ಕೆಳಗಿಳಿಸುವುದು ಅವುಗಳ ಕೆಲಸ. ಅವುಗಳ ಕೆಮ್ಮು ನೆಗಡಿ ನೋಡುವುದು ಇವನ ಕೆಲಸ. ಹನ್ನೊಂದು ವರ್ಷದಲ್ಲಿ ಅವನಿಗೆ ಆರರ ಸದ್ದೂ ಬಾಯಿಪಾಠವಾಗಿತ್ತು. ನಾಲ್ಕನೆಯದು ಇಸ್ತ್ರಿ ಹಾಲಿನದು. ಅದರ ಕೆಂಪು ದೀಪ ಇವತ್ತು ನಾಲ್ಕು ಸಲ ಮಿನುಗಿ, ತಡೆದು, ಮತ್ತೆ ನಾಲ್ಕು ಸಲ ಮಿನುಗುತ್ತಿತ್ತು. ಬೆಂಕಿ ತನ್ನ ಗೂಡು ಬಿಟ್ಟು ಈಚೆ ಬಂದಿದೆ ಎಂದು ಅದರ ಅರ್ಥ. ಹಾಗೆ ಬಂದಾಗ ಒಂದು ಪುಟ್ಟ ಸ್ವಿಚ್ಚು ಟಪ್ಪೆಂದು ಮೆಷೀನನ್ನು ನಿಲ್ಲಿಸಿಬಿಡುತ್ತದೆ. ಎರಡು ಸಲ ಮ್ಯಾನೇಜರ್ ಕೆಳಗಿನಿಂದ ಬೈದು ಅದನ್ನು ಒತ್ತಿಸಿ ಮತ್ತೆ ಶುರು ಮಾಡಿಸಿದ್ದ. ಮೂರನೇ ಸಲ ತಾನೇ ಏಣಿ ಹತ್ತಿ ಬಂದಿದ್ದ.

"ಸಾ, ಒಂದ್ನಿಮಿಷ ಬಗ್ಗಿ ನೋಡಿ. ನಿಮ್ಮ ಕಣ್ಣಾರೆ ನೋಡಿ," ಎಂದು ಕಾಗೆ ಸ್ವಿಚ್ಚು ಒತ್ತಿದ. ಒಳಗೆ ಸಾಲು ಸಾಲು ನೀಲಿ ಜ್ವಾಲೆ ಹತ್ತಿಕೊಂಡು ನೆಟ್ಟಗೆ ನಿಂತಿತು. "ಈಗ ಸರಿಯಾಗಿದೆ. ಇರಿ, ಫ್ಯಾನ್ ತಿರುಗ್ಲಿ."

ಅರೆನಿಮಿಷದಲ್ಲಿ ದೊಡ್ಡ ಫ್ಯಾನು ಗುಂಯ್ಗುಟ್ಟಿತು. ನೆಟ್ಟಗಿದ್ದ ಜ್ವಾಲೆ ವಾಲಾಡಿ, ಹಳದಿಯಾಗಿ, ನಾಲಿಗೆ ಚಾಚಿ ಈಚೆ ಬಂತು. ಟಪ್ಪೆಂದು ಆರಿತು. ಮ್ಯಾನೇಜರನ ಜೇಬಿನಲ್ಲಿ ಫೋನು ಕುಂಯ್ ಎಂದಿತು.

"ಬೆಂಕಿ ಗೂಡಿನ ತಗಡು ಬಿರುಕು ಬಿಟ್ಟಿದೆ ಸಾ. ಫ್ಯಾನಿನ ಗಾಳಿ ಒಳಗೆ ನುಗ್ಗುತ್ತೆ, ಒಳಗಿನ ಹೊಗೆ ಹಾಲಿಗೆ ಇಳಿಯುತ್ತೆ. ಆ ಹೊಗೆಯ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕೂತ ಕೂತಲ್ಲೇ ಜನ ಸಾಯ್ತಾರೆ. ಹೊಸ ಗೂಡು ಬರೋವರ್ಗೂ ಇದನ್ನ ಹಚ್ಚಬಾರದು."

"ಸ್ವಿಚ್ ಕಿತ್ತಾಕು."

"ಸಾ?"

"ಕಿವಿ ಕೇಳಲ್ವಾ? ನಿಲ್ಲಿಸ್ತಿರೋದು ಆ ಸ್ವಿಚ್ ತಾನೆ? ಅದನ್ನ ಬಿಟ್ಟು ಎರಡು ತಂತೀನೂ ಸೇರಿಸು. ಇವತ್ತು ಒಂದು ದಿನ ಓಡ್ಲಿ."

"ಆಗಲ್ಲ ಸಾ."

ಮ್ಯಾನೇಜರ್ ಅವನ ಮೇಲೆ ಎರಗಿದ. ಕಾಗೆಯ ಕತ್ತಿನ ಹಿಂಬದಿ ಹಿಡಿದು, ಮಂಡಿಯಿಂದ ಬೆನ್ನು ಅದುಮಿ, ಅವನ ಕೆನ್ನೆಯನ್ನು ಕಾದ ತಗಡಿಗೆ ಒತ್ತಿದ. ಚರ್ರೆಂದಿತು. ಕಾಗೆ ಕಿರುಚಿದ್ದು ಫ್ಯಾನಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ.

"ಈಗ ಆಗತ್ತಾ? ನಿಮ್ಮತ್ತಿಗೆ ಕೆಳಗೇ ಇದಾಳಲ್ಲ? ಅವಳನ್ನ ಈಗ್ಲೇ ಗೇಟಿನಾಚೆ ತಳ್ಳಿಸ್ತೀನಿ. ಕಳ್ಳಿ ಅಂತ ಬರ್ಸಿ ಕಳಿಸಿದ್ರೆ ಈ ಊರಲ್ಲಿ ಯಾವನೂ ಕೆಲಸ ಕೊಡಲ್ಲ. ಆಗತ್ತೋ ಇಲ್ವೋ, ಸೂಳೆಮಗನೇ?"

ಅಣ್ಣ ಸತ್ತ ಮೇಲೆ ಅತ್ತಿಗೆ ತನ್ನ ಎರಡು ಮಕ್ಕಳ ಜೊತೆ ಮೈದುನನನ್ನೂ ಸಾಕಿದವಳು. ಕಾಗೆ ಸ್ವಿಚ್ಚಿನಿಂದ ಎರಡು ತಂತಿ ಬಿಚ್ಚಿದ. ತುದಿ ಕೆರೆದು, ಒಂದಕ್ಕೊಂದು ಹೊಸೆದು, ಟೇಪು ಸುತ್ತಿದ. ಕೆಂಪು ದೀಪ ಹೋಗಿ ಹಸಿರು ಬಂತು. ಹಳದಿ ಜ್ವಾಲೆ ಒಳಗೆ ವಾಲಾಡುತ್ತಲೇ ಇತ್ತು, ಆದರೆ ಆರಲಿಲ್ಲ.

"ನೋಡು, ಎಷ್ಟು ಸಲೀಸು!" ಎಂದು ಮ್ಯಾನೇಜರ್ ಅವನ ಬೆನ್ನು ತಟ್ಟಿ ಏಣಿ ಇಳಿದ.

ಕಾಗೆ ಹಿಂದೆಯೇ ಇಳಿದು ಇಸ್ತ್ರಿ ಹಾಲಿನ ಬಾಗಿಲಿಗೆ ಹೋದ. ಬಾಗಿಲಿಗೆ ಹೊರಗಿನಿಂದ ಬೀಗ. ಹೆಂಗಸರು ಬಟ್ಟೆ ಹೊರಗೆಸೆದು ಕದಿಯುತ್ತಾರೆಂದು ಕಿಟಕಿಗಳಿಗೂ ಮೊಳೆ ಹೊಡೆಸಿದ್ದರು. ಬಾಗಿಲಿನ ನಡುವೆ ಅಂಗೈಯಗಲದ ಜಾಲರಿ, ಅಷ್ಟೆ. ಒಳಗೆ ಮೂವತ್ತೆರಡು ಹೆಂಗಸರು. ತೋರಣದಂತೆ ತೂಗುವ ಒದ್ದೆ ಅಂಗಿಗಳ ಕೆಳಗೆ ಇಸ್ತ್ರಿಯ ಹಬೆ.

"ಬಂತು ನೋಡ್ರೇ ಕಾಗೆ! ಯಾರ ಮನೆಗೇ ನೆಂಟರು ಇವತ್ತು?" ಎಂದು ಕೂಗಿದವಳು ಕಿಲಕಿಲ. ಮೂರು ಮಕ್ಕಳ ತಾಯಿ. ನಗದೆ ಒಂದು ಮಾತೂ ಆಡದವಳೆಂದು ಅವಳಿಗೆ ಆ ಹೆಸರು. "ಏನೋ ಮೂತಿ ಸುಟ್ಕೊಂಡಿದೀಯ? ಯಾವಳಿಗೆ ಮುತ್ತು ಕೊಡೋಕೆ ಹೋಗಿದ್ದೆ?"

ಹಾಲೆಲ್ಲ ನಕ್ಕಿತು. ಅತ್ತಿಗೆ ನಗಲಿಲ್ಲ. ಜಾಲರಿಯ ಬಳಿ ಬಂದು ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರೋ ಮಾಡಿದ್ದು?"

"ತಗಡು ತಾಗ್ತು ಅತ್ತಿಗೆ."

"ಎಣ್ಣೆ ಹಚ್ಕೋ. ಬೆಳಿಗ್ಗೆಯಿಂದ ನನಗೂ ಹಾಳು ತಲೆನೋವು."

ತಂತಿಯ ವಿಷಯ ಕಾಗೆಯ ಬಾಯಿವರೆಗೆ ಬಂತು. ಅಷ್ಟರಲ್ಲಿ ಹಾಲಿನ ಮೇಲ್ವಿಚಾರಣೆಯ ಮೇಸ್ತ್ರಿಣಿ ಬೀಗದ ಕೀಗೊಂಚಲು ಆಡಿಸುತ್ತ ಓಣಿಯ ತುದಿಯಲ್ಲಿ ಕಾಣಿಸಿಕೊಂಡಳು.

"ಆಗಾಗ ಬಾಗಿಲ ಹತ್ರ ಬಂದು ನಿಂತ್ಕೋ ಅತ್ತಿಗೆ," ಎಂದಷ್ಟೇ ಹೇಳಿ ಅವನು ಅಲ್ಲಿಂದ ಕಾಲ್ತೆಗೆದ. ಆ ಮಾತು ಅತ್ತಿಗೆಯೊಬ್ಬಳಿಗೇ ಹೇಳಿದ್ದು ಎಂಬುದು ಅರ್ಧ ಏಣಿ ಹತ್ತಿದ ಮೇಲೆ ಅವನಿಗೆ ಹೊಳೆಯಿತು. ಆದರೂ ಇಳಿಯಲಿಲ್ಲ.

ಎರಡೂವರೆಯ ಹೊತ್ತಿಗೆ ಆರನೇ ಮೆಷೀನಿನ ಬೆಲ್ಟು ಬದಲಿಸುತ್ತಿದ್ದವನಿಗೆ ಸುಟ್ಟ ಬಟ್ಟೆಯ ವಾಸನೆ ಬಂತು. ಕೆಳಗೆ ಯಾರೂ ಕೂಗುತ್ತಿರಲಿಲ್ಲ. ಬೈಗುಳವಿಲ್ಲ, ನಗುವಿಲ್ಲ. ನಾಲ್ಕನೇ ಮೆಷೀನಿನ ಕರೆಂಟು ಕಿತ್ತು, ಏಣಿಯಲ್ಲಿ ಜಾರಿಕೊಂಡೇ ಇಳಿದು ಓಡಿದ.

ಜಾಲರಿಯ ಹತ್ತಿರ ಒಂದು ಕೈ ಕಂಬಿ ಕೆರೆಯುತ್ತಿತ್ತು. ಮೇಸ್ತ್ರಿಣಿ ಎಲ್ಲಿದ್ದಳೋ. ಕಾಗೆ ದೊಡ್ಡ ಸ್ಪ್ಯಾನರಿನಿಂದ ಕಿಟಕಿಗೆ ಬಡಿದ. ಎರಡನೇ ಏಟಿಗೆ ಗಾಜು, ಐದನೇ ಏಟಿಗೆ ಚೌಕಟ್ಟು.

"ಏಯ್! ಕಂಪನಿ ಕಿಟಕಿ ಒಡೀತೀಯೇನೋ ನಾಯಿ!" ಎಂದು ವಾಚ್‌ಮನ್ ಓಡಿಬಂದು ದೊಣ್ಣೆ ಬೀಸಿದ. ಭುಜ ಲಟಕ್ಕೆಂದಿತು. ಕಾಗೆ ಇನ್ನೊಂದು ಕೈಗೆ ಸ್ಪ್ಯಾನರ್ ಬದಲಿಸಿಕೊಂಡು ಮುಂದಿನ ಕಿಟಕಿಗೆ ಹೊಡೆದ. ವಾಚ್‌ಮನ್ ದೊಣ್ಣೆ ಎತ್ತಿದವನು ಒಡೆದ ಗಾಜಿನೊಳಗೆ ಒಮ್ಮೆ ನೋಡಿದ. ದೊಣ್ಣೆ ಕೆಳಗಿಟ್ಟು ತಾನೇ ಒಳಗೆ ಧುಮುಕಿದ.

ಒಬ್ಬೊಬ್ಬರನ್ನೇ ಎಳೆದು ಅಂಗಳಕ್ಕೆ ಹಾಕಿದರು. ಕೆಲವರು ವಾಂತಿ ಮಾಡಿದರು, ಕೆಲವರು ಕುಡಿದವರಂತೆ ತೊದಲಿದರು. ಕಿಲಕಿಲ ತನ್ನ ಮೇಜಿನ ಮೇಲೇ ಕವುಚಿಕೊಂಡಿದ್ದಳು. ಇಸ್ತ್ರಿಪೆಟ್ಟಿಗೆ ಅವಳ ಎಡಗೈಯ ಮೇಲಿತ್ತು. ಕೈ ಕರಕಲಾಗಿತ್ತು, ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡಿರಲಿಲ್ಲ. ಮುಖ ಮಾತ್ರ ಕೆಂಪು ಕೆಂಪಾಗಿ, ಈಗ ತಾನೇ ನಕ್ಕು ಸುಸ್ತಾದಂತಿತ್ತು.

ಮ್ಯಾನೇಜರ್ ಅಂಗಳಕ್ಕೆ ಬಂದವನೇ ಮೂಗಿಗೆ ಕರವಸ್ತ್ರ ಹಿಡಿದ. "ಏನು ಹಳಸಿದ್ದು ತಿಂದು ಬಂದ್ರೋ ಮುಂಡೇವು! ಎಲ್ಲಾ ಊಟದ ವಿಷ. ವ್ಯಾನ್ ತರ್ಸಿ, ಈ ಸತ್ತವಳನ್ನ ಮೊದ್ಲು ಮನೆಗೆ ಸಾಗಿಸಿ."

ಆಮೇಲೆ ಕಾಗೆಯ ಕಿವಿಗೆ ಬಗ್ಗಿ ಹೇಳಿದ. "ಮೇಲೆ ಹೋಗು. ತಂತಿ ಬಿಡಿಸಿ ಸ್ವಿಚ್ ಮೊದಲಿದ್ದ ಹಾಗೇ ಕೂರಿಸು. ತಂತಿ ಹೊಸೆದಿದ್ದು ಯಾರ ಕೈ? ನಿನ್ನದು. ಬಾಯಿ ಬಿಟ್ಟೆಯೋ, ಹಗ್ಗ ನಿನ್ನ ಕತ್ತಿಗೇ."

ಕಾಗೆ ಏಣಿಯ ಬಳಿ ಹೋದ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಕಿಲಕಿಲಳ ಸುಟ್ಟ ಕೈಯನ್ನು ಯಾರೋ ಅವಳ ಸೆರಗಿನೊಳಗೆ ಮುಚ್ಚುತ್ತಿದ್ದರು. ಅವನು ಕಾಲು ತೆಗೆದ.

"ಅತ್ತಿಗೆ," ಎಂದ. ಮತ್ತೆ ಕೂಗಿದ. "ಅತ್ತಿಗೆ! ಊಟ ಅಲ್ಲ. ವಿಷ ಮೇಲಿಂದ ಬಂದಿದ್ದು. ಮೆಷೀನು ಬೆಳಿಗ್ಗೆಯಿಂದ ನಿಂತು ನಿಂತು ಹೇಳ್ತಿತ್ತು. ಅದರ ಬಾಯಿ ಮುಚ್ಚಿದ್ದು ನಾನು. ಈ ಕೈಯಲ್ಲೇ ತಂತಿ ಹೊಸೆದೆ. ಗೊತ್ತಿದ್ದೂ ಹೊಸೆದೆ."

ಅತ್ತಿಗೆ ಗೋಡೆ ಹಿಡಿದು ಎದ್ದಳು. ಬಾಯೊರೆಸಿಕೊಂಡು, ತೂರಾಡುತ್ತ ಬಂದು, ಅವನ ಸುಟ್ಟ ಕೆನ್ನೆಗೇ ಹೊಡೆದಳು. ಚರ್ಮ ಕಿತ್ತುಬಂತು. ಅವಳ ಹಿಂದೆ ಎದ್ದು ನಿಲ್ಲಬಲ್ಲವರೆಲ್ಲ ಬಂದರು. ಚಪ್ಪಲಿ, ಮುಷ್ಟಿ, ಉಗುರು. "ತಿಂದ ಮನೆಗೆ ವಿಷ ಹಾಕ್ದೆಯಲ್ಲೋ!" ಎಂದು ಒಬ್ಬಳು ಅವನ ಕೂದಲು ಹಿಡಿದು ನೆಲಕ್ಕೆ ಜಜ್ಜಿದಳು. ಒಂದು ಹಲ್ಲು ನಾಲಿಗೆಯ ಮೇಲೆ ಬಿತ್ತು. ಅವನು ಕೈ ಅಡ್ಡ ಹಿಡಿಯಲಿಲ್ಲ.

"ಸಾಕು ಬಿಡ್ರೇ," ಎಂದಳು ಅತ್ತಿಗೆ. "ಹೊಸೆದಿದ್ದು ನೀನು. ಹೊಸೆಸಿದ್ದು ಯಾರು?"

ಕಾಗೆ ರಕ್ತ ಉಗಿದು ಮ್ಯಾನೇಜರನ ಕಡೆ ಬೆರಳು ಚಾಚಿದ.

"ಕುಡುಕನ ಮಾತು ಕೇಳ್ತೀರಾ?" ಎಂದು ಮ್ಯಾನೇಜರ್ ನಕ್ಕ. ನಗುತ್ತಲೇ ವಾಚ್‌ಮನ್ನನಿಗೆ ಸನ್ನೆ ಮಾಡಿದ. "ಹತ್ತು. ಆ ತಂತಿ ಕಿತ್ಕೊಂಡು ಬಾ."

ವಾಚ್‌ಮನ್ ಕದಲಲಿಲ್ಲ. ಅವನ ಅಂಗಿಯ ತುಂಬ ಹೆಂಗಸರ ವಾಂತಿ.

ತಂತಿಯೊಂದೇ ಸಾಕ್ಷಿ ಎಂಬುದು ಅತ್ತಿಗೆಗೆ ಆಗ ಅರ್ಥವಾಯಿತು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಇಬ್ಬರು ಕಿಲಕಿಲಳ ತಲೆಗೊಬ್ಬರು ಕಾಲಿಗೊಬ್ಬರು ಕೂತು ವ್ಯಾನಿನವನನ್ನು ಹತ್ತಿರ ಬಿಡಲಿಲ್ಲ. ಮೇಲೆ ಹತ್ತೊಂಬತ್ತು ಮಂದಿ, ಮುರಿದ ಭುಜದ ಕಾಗೆ ಇಪ್ಪತ್ತನೆಯವನು. ನಾಲ್ಕನೇ ಮೆಷೀನನ್ನು ಸುತ್ತುವರಿದು ಕೂತರು. ಅವನು ಬಾಗಿಲು ತೆಗೆದು ತಂತಿ ತೋರಿಸಿದ. ಹೆಬ್ಬೆರಳುದ್ದವೂ ಇಲ್ಲದ ಕರಿ ಟೇಪಿನ ಗಂಟು. ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು.

"ಇಷ್ಟೇನಾ?" ಎಂದಳು ಒಬ್ಬಳು.

ಅವನು ಅತ್ತಿಗೆಯ ಪಕ್ಕ ಕೂರಲು ಹೋದ. "ದೂರ ಕೂತ್ಕೋ," ಎಂದಳು ಅವಳು. "ನಿನ್ನ ವಿಚಾರ ಆಮೇಲೆ."

ಪೊಲೀಸ್ ಜೀಪು ಬಂತು. ಇನ್ಸ್‌ಪೆಕ್ಟರ್ ಮೊದಲು ಮ್ಯಾನೇಜರನ ಕೋಣೆಗೆ ಹೋಗಿ, ಬಾಯೊರೆಸಿಕೊಂಡು ಈಚೆ ಬಂದ. "ಏಯ್, ಇಳೀರಿ ಲೌಡಿಗಳಾ! ಕಂಪನಿ ಮೆಷೀನ್ ಹಾಳು ಮಾಡ್ತಿದೀರ ಅಂತ ಕಂಪ್ಲೇಂಟ್ ಬಂದಿದೆ!"

"ಹೆಣ ನಿನ್ನ ಕಾಲ ಹತ್ರಾನೇ ಇದೆ, ತುಳಿದೀಯ!" ಎಂದು ಮೇಲಿನಿಂದ ಉತ್ತರ ಬಂತು. "ನಿನ್ನ ಮೇಲಿನ ದೊಡ್ಡ ಸಾಹೇಬ್ರು ಬಂದು ತಂತಿ ನೋಡೋವರ್ಗೂ ಇಳಿಯಲ್ಲ!"

ಇನ್ಸ್‌ಪೆಕ್ಟರ್ ಮ್ಯಾನೇಜರನ ಮುಖ ನೋಡಿದ. ಮ್ಯಾನೇಜರ್ ಕೋಟು ಬಿಚ್ಚಿ ಜೀಪಿನ ಮೇಲೆಸೆದ. ಕಟಿಂಗ್ ಪ್ಲೇಯರನ್ನು ಹಲ್ಲಲ್ಲಿ ಕಚ್ಚಿಕೊಂಡು ತಾನೇ ಏಣಿ ಹತ್ತತೊಡಗಿದ. ಇಬ್ಬರು ಪೇದೆಗಳು ಬುಡ ಹಿಡಿದರು.

ಏಣಿಯ ತುದಿಯನ್ನು ಚಾವಣಿಯ ಕೊಂಡಿಗೆ ಬಿಗಿದಿದ್ದ ಕಂಬಿಯನ್ನು ಅತ್ತಿಗೆ ಬಿಚ್ಚಿದಳು. ಅವಸರ ಮಾಡಲಿಲ್ಲ. ಏಣಿಯ ಎರಡು ಕೊಂಬಿಗೂ ಹೆಂಗಸರ ಕೈ ಬಿದ್ದವು. ಇಸ್ತ್ರಿಯ ಬಿಸಿಗೆ ದಡ್ಡುಗಟ್ಟಿದ ಕೈಗಳು. ಮ್ಯಾನೇಜರ್ ಹದಿನಾಲ್ಕನೇ ಮೆಟ್ಟಿಲಿಗೆ ಬಂದಾಗ ಅತ್ತಿಗೆ ಬಗ್ಗಿ ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಇಳೀತೀಯಾ? ಇಲ್ಲ, ಇಳಿಸ್ಲಾ?"

"ನಿನ್ನ ಜುಟ್ಟು ಹಿಡಿದು..." ಎಂದು ಅವನು ಬಾಯಿ ತೆರೆದ. ಪ್ಲೇಯರು ಕೆಳಗೆ ಬಿತ್ತು. ಅವನು ಇನ್ನೊಂದು ಮೆಟ್ಟಿಲು ಹತ್ತಿದ.

ಕಾಗೆ ದೂರದಿಂದ ಎದ್ದುಬಂದ. ಕೈಗಳ ನಡುವೆ ಜಾಗ ಹುಡುಕಿ ತನ್ನ ಒಂದು ಕೈಯನ್ನೂ ಏಣಿಗಿಟ್ಟ. ಅತ್ತಿಗೆ ಅವನ ಕಡೆ ತಿರುಗಲಿಲ್ಲ, ಆ ಕೈಯನ್ನು ತಳ್ಳಲೂ ಇಲ್ಲ. ಎಲ್ಲರೂ ಒಟ್ಟಿಗೆ ಉಸಿರು ಕಟ್ಟಿ ನೂಕಿದರು. ಏಣಿ ಗೋಡೆ ಬಿಟ್ಟು ಮೇಲೆದ್ದಿತು. ಕೆಳಗೆ ಪೇದೆಗಳು ಕೈಬಿಟ್ಟು ಹಿಂದಕ್ಕೆ ಹಾರಿದರು. ಮ್ಯಾನೇಜರ್ ಎರಡೂ ತೋಳಲ್ಲಿ ಮೆಟ್ಟಿಲು ತಬ್ಬಿಕೊಂಡ. ಏಣಿ ಅತ್ತಲೂ ಬೀಳದೆ, ಇತ್ತಲೂ ವಾಲದೆ, ಬರೀ ಗಾಳಿಯಲ್ಲಿ ನೆಟ್ಟಗೆ ನಿಂತಿತು.