ಗಬ್ಬೂರಿನ ಉಡಿ

ಕೆರೆಯ ನೀರು ಕಿಟಕಿಯಲ್ಲಿ ಬಂತು, ಹೋಯಿತು, ಉಣಕಲ್ ದಾಟಿತು ಹಾಗಾದರೆ, ಬೂದು ನೀರು, ಇವತ್ತು ಕಣ್ಣಿಗೆ ಬೀಳುವುದೆಲ್ಲ ಬೂದು, ಮೋಡ, ರಸ್ತೆ, ಮುಂದಿನ ಸೀಟಿನವನ ಅಂಗಿ — ಉಮಾಶ್ರೀ ತೊಡೆಯ ಮೇಲಿನ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು, ವೇಲಿನಲ್ಲಿ ಕಟ್ಟಿದ ಉಡಿ, ಚಿಗರಿ ಬಸ್ಸು ಬ್ರೇಕು ಹಾಕಿದಾಗೆಲ್ಲ ಒಳಗಿನ ಅಕ್ಕಿ ಸರ್ರನೆ ಸರಿದು ಹೊಟ್ಟೆಗೆ ಒತ್ತುತ್ತದೆ, ಹೊಟ್ಟೆಯೊಳಗಿರುವುದು ಯಾರದು ಎಂದು ಕೇಳಿದ ಹಾಗೆ ಒಮ್ಮೆ ಮಿಸುಕುತ್ತದೆ, ಏನಿಲ್ಲ, ಸುಮ್ಮನಿರು, ಇಷ್ಟು ವರ್ಷ ಕಾಯಿಸಿ ಬಂದದ್ದು ನೀನು, ಈಗ ಇನ್ನೊಂದಿಷ್ಟು ಹೊತ್ತು ಸುಮ್ಮನಿರು. ಮುಂದಿನ ನಿಲ್ದಾಣ ಭೈರಿದೇವರಕೊಪ್ಪ ಎಂದಿತು ಬಸ್ಸಿನ ದನಿ, ಪಕ್ಕದಲ್ಲಿ ಕೂತ ಮುದುಕಿ ಗಂಟನ್ನೇ ನೋಡುತ್ತಿದ್ದವಳು ನಕ್ಕಳು, ಉಡಿ ತುಂಬಿಸ್ಕೊಂಡ ಬಂದೀರೇನ್ರಿ, ಛಲೋ ಆತ ಬಿಡ್ರಿ, ತವರಮನ್ಯಾಗೇನು? ಹೂಂ ರೀ, ತವರಮನ್ಯಾಗ, ಎಂದುಬಿಟ್ಟಳು ಉಮಾಶ್ರೀ, ಎಷ್ಟು ಸಲೀಸಾಗಿ ಬಂತು ಸುಳ್ಳು, ಇವತ್ತು ಬಾಯಿಗೆ ಬರುವುದೆಲ್ಲ ಸಲೀಸು. ಗಂಟಿನೊಳಗೆ ಅಕ್ಕಿ, ಎಲೆ ಅಡಿಕೆ, ಉತ್ತತ್ತಿ, ಅರಿಶಿನದ ಕೊಂಬು, ಹಸಿರು ಖಣ, ಮತ್ತೆ ಆ ಕೊಬ್ಬರಿ ಬಟ್ಟಲು, ಬೆಳ್ಳಗಿನ ಅದರ ಒಳಮೈ, ಅದರ ಮೇಲೆ ಒಂದು ಹೆಬ್ಬೆರಳಿನ ಗುರುತು, ಬೂದು ಬಣ್ಣದ್ದು, ಗೆರೆಗಳೆಲ್ಲ ಕಾಣುವಷ್ಟು ಸ್ಪಷ್ಟ. ನೋಡಿದ್ದಳು. ನೋಡಿಯೇ ಗಂಟು ಹಾಕಿಕೊಂಡಿದ್ದಳು.

ನೋಡುವುದೇ ಅವಳ ಕೆಲಸ, ಅದಕ್ಕೇ ಸಂಬಳ. ಬಿಸಿಲಿನಿಂದ ಕರೆಂಟು ಮಾಡುವ ಕಂಪನಿ, ಹುಬ್ಬಳ್ಳಿಯ ಆಫೀಸಿನ ಗೋಡೆ ತುಂಬ ಹಸಿರೆಲೆ, ಸೂರ್ಯ, ನಗುವ ಮಕ್ಕಳು, ಆದರೆ ಸೂರ್ಯ ಮುಳುಗಿದ ಮೇಲೆ ಕರೆಂಟು ಕೂಡಿಡಲು ಬ್ಯಾಟರಿ ಬೇಕಲ್ಲ, ಬ್ಯಾಟರಿಯೊಳಗೆ ಸೀಸ ಬೇಕು, ಸತ್ತ ಬ್ಯಾಟರಿ ಒಡೆದು ಸೀಸ ತೆಗೆದು ಹೊಸದಕ್ಕೆ ಕಳಿಸುವವರು ಬೇಕು, ಅದು ಊರಾಚೆ ಗಬ್ಬೂರಿನ ಬೈಪಾಸಿನ ಬದಿಗೆ ನೀಲಕಂಠಪ್ಪನವರ ಕಾರಖಾನೆಯಲ್ಲಿ. ಎಲ್ಲಿಂದ ಬಂತು ಮಾಲು, ಯಾರ ಕೈಯಿಂದ ಬಂತು, ಆ ಕೈಗೆ ನೋವಾಯಿತೋ ಹೇಗೆ — ಸರಪಳಿಯ ಒಂದೊಂದು ಕೊಂಡಿಯನ್ನೂ ಮುಟ್ಟಿ ನೋಡಿ ಬರುವವಳು ಉಮಾಶ್ರೀ, ಕಂಪನಿಯ ನೀತಿಸಂಹಿತೆ ಬರೆದವಳೂ ಅವಳೇ, ಮುಂಬಯಿಯ ದೊಡ್ಡ ಆಫೀಸಿನವರು ಅದನ್ನು ಓದಿ ಚಪ್ಪಾಳೆ ತಟ್ಟಿದ್ದರು. ಮೊದಲ ಸಲ ಗಬ್ಬೂರಿಗೆ ಹೋದಾಗ ಅಂಗಳದ ತುಂಬ ಹೆಂಗಸರು ಸುತ್ತಿಗೆ ಹಿಡಿದು ಬ್ಯಾಟರಿ ಒಡೆಯುತ್ತಿದ್ದರು, ಅವರ ಮಕ್ಕಳು ಅಲ್ಲೇ ಸೀಸದ ಪುಡಿಯಲ್ಲಿ ಗುಬ್ಬಿಗೂಡು ಮಾಡಿ ಆಡುತ್ತಿದ್ದವು, ಆಫೀಸಿಗೆ ಬಂದವಳೇ ಬರೆದಳು, ಕಾರಖಾನೆಯ ಗೇಟಿನೊಳಗೆ ಒಂದೇ ಒಂದು ಮಗು ಕಂಡರೂ ವ್ಯವಹಾರ ಬಂದ್. ನೀಲಕಂಠಪ್ಪ, ಹಿಂದೆ ಅರಳೆ ವ್ಯಾಪಾರ ಮಾಡಿ ಕೈಸುಟ್ಟುಕೊಂಡವರು, ಹಣೆ ತುಂಬ ವಿಭೂತಿ, ಕೈ ಮುಗಿದು ಅಂದಿದ್ದರು, ನಿಮ್ಮ ಮಾತ ಅಂದ್ರ ಮಾತ್ರೀ ತಂಗಿ, ಇನ್ನ ಮ್ಯಾಲೆ ಒಂದ ಹುಳಾನೂ ಒಳಗ ಬಿಡೂದಿಲ್ಲ. ಇವತ್ತು ಮಧ್ಯಾಹ್ನ ಮತ್ತೆ ಹೋಗಿದ್ದು, ಒಪ್ಪಿಗೆ ಮುಂದುವರಿಸಬೇಕೋ ಬೇಡವೋ ನೋಡಲಿಕ್ಕೆ. ಹೇಳದೇ ಹೋಗಬೇಕು ಅಂತಲೇ ಇದೆ ಸಂಹಿತೆಯಲ್ಲಿ, ಆದರೆ ಹಿರಿಯರ ಬಾಗಿಲಿಗೆ ಹೇಳದೇ ಕೇಳದೇ ಹೋಗಿ ನಿಲ್ಲುವುದು ಹೇಗೆ, ಕಳ್ಳರನ್ನು ಹಿಡಿಯಲು ಹೋದ ಹಾಗೆ, ನಿನ್ನೆಯೇ ಫೋನು ಮಾಡಿ ಅಂದಿದ್ದಳು, ನಾಳಿ ಬರ್ತೇನ್ರಿ ಕಾಕಾ. ಬರ್ರಿ ಬರ್ರಿ, ಊಟಕ್ಕ ಬರ್ರಿ. ಗೇಟಿಗೆ ರಂಗೋಲಿ ಹಾಕಿದ್ದರು. ತೊಳೆದ ಅಂಗಳ, ಹೊಸ ಯಂತ್ರ, ಕೈಗವಸು ತೊಟ್ಟ ಗಂಡಾಳುಗಳು, ಧೂಳು ಹೀರುವ ಪಂಖಾ ಗುಂಯ್ ಎನ್ನುತ್ತಿತ್ತು, ನಳದ ಬದಿಗೆ ಸೋಪು ಕೂಡ ಇತ್ತು, ಒಂದೂ ಮಗುವಿಲ್ಲ. ಬ್ಯಾಟರಿ ಒಡಿಯೂ ಹೆಣ್ಮಕ್ಕಳೆಲ್ಲ ಎಲ್ಲಿ ಕಾಕಾ? ಅವ್ರ ಮನ್ಯಾಗ ಆರಾಮ ಅದಾರ್ರೀ ತಂಗಿ, ನಿಮ್ಮ ಪುಣ್ಯಾ. ಅಷ್ಟಕ್ಕೇ ಬಿಟ್ಟಳು. ಖುಷಿಯಾಗಿತ್ತು, ಖರೇ ಹೇಳಬೇಕೆಂದರೆ ಜಂಬವೇ ಬಂದಿತ್ತು, ನೋಡು ನಾನು ಬರೆದೆ, ಆಯಿತು.

ಜಂಬ ಗೇಟಿನತನಕ. ಆಟೋ ಕಾಯುತ್ತ ನಿಂತಾಗ ಎದುರಿನ ಓಣಿಯಿಂದ ಒಬ್ಬಳು ಓಡುತ್ತ ಬಂದಳು, ಅಕ್ಕಾರ, ಗುರ್ತ ಸಿಕ್ತೇನ್ರಿ, ನಾ ಶೇವಂತೆವ್ವ — ಸಿಕ್ಕಿತು, ಮೊದಲು ಅಂಗಳದಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು, ಈಗ ಮುಖ ಬತ್ತಿದೆ, ನಗು ಮಾತ್ರ ಅದೇ, ಕಣ್ಣು ಸೀದಾ ಹೊಟ್ಟೆಯ ಮೇಲೆ ಬಿತ್ತು, ಅಯ್ಯ ನಮ್ಮವ್ವ, ಬಸರಿ ಅದೀರಿ, ಬರಿ ಉಡೀಲೇ ಹೋಗ್ತೀರೇನು, ನಮ್ಮ ಓಣಿ ಮುಂದಿಂದ ಬಸರಿ ಹೆಣಮಗಳ ಹಂಗ ಹೋದ್ರ ನಮಗ ಛಂದಲ್ರಿ, ಬರ್ರಿ, ಎರಡ ನಿಮಿಷ. ಮಾಲು ಕೊಡುವವರ ಕಡೆಯಿಂದ ಒಂದು ಗುಟುಕು ಚಹಾ ಕೂಡ ಕುಡಿಯಕೂಡದು, ಅದೂ ಅವಳೇ ಬರೆದದ್ದು, ಆದರೆ ಉಡಿ ಒಲ್ಲೆ ಅನ್ನುವುದಕ್ಕೆ ಯಾವ ಬಾಯಿ ಬರುತ್ತದೆ, ಹೋದಳು. ಹೊಸ್ತಿಲಲ್ಲಿ ಶೇವಂತೆವ್ವ ತಟ್ಟನೆ ನಿಂತು, ದನಿ ಇಳಿಸಿ, ನಮ್ಮ ಮನಿ ಅಕ್ಕಿ ನಿಮಗ ನಡೀತೈತೇನ್ರಿ ಅಂದಳು. ಒಳಗೆ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಬುದ್ಧನ ಫೋಟೋ. ಉಮಾಶ್ರೀಗೆ ಮೈಯೆಲ್ಲ ನಾಚಿಕೆ, ಯಾಕ ನಡೀಬಾರದು, ಅನ್ನಾ ಮಾಡ್ಕೊಂಡ ಉಣ್ತೇನಿ ಅಂದಳು, ಬೇಕಾದ್ದಕ್ಕಿಂತ ಗಟ್ಟಿಯಾಗಿ. ಖರೇನ ಉಣ್ರಿ ಮತ್ತ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು, ಅಲ್ಲಿ ಗೋಡೆಗುಂಟ ಬ್ಯಾಟರಿ, ತಮ್ಮ ಕಂಪನಿಯ ಹಸಿರೆಲೆಯ ಚಿತ್ರ ಇದ್ದವೇ, ಒಡೆದವು, ಒಡೆಯದವು, ಒಂದು ಮರದ ತುಂಡು, ಸುತ್ತಿಗೆ, ಬೂದು ಪುಡಿ ತುಂಬಿದ ಚೀಲ, ಅದೇ ಪುಡಿ ನೆಲದ ಮೇಲೆ, ನೀರಿನ ಕೊಡದ ಮೇಲೆ, ಒಣಹಾಕಿದ ಲಂಗದ ಮೇಲೆ, ಖಾಲಿ ಬ್ಯಾಟರಿ ಡಬ್ಬಿಯನ್ನು ಮಣೆ ಮಾಡಿಕೊಂಡು ಕೂತ ಒಂದು ಕೂಸು, ಬೆರಳು ಬಾಯಲ್ಲಿ. ಮಮ್ಮಗಳ್ರಿ, ಸ್ನೇಹಲ್. ಇನ್ನೂ ಮಾತ ಬಂದಿಲ್ಲ, ಒಮ್ಮೊಮ್ಮೆ ಹೊಟ್ಟಿ ಹಿಡಕೊಂಡ ಭಾಳ ಅಳತೈತಿ, ದೃಷ್ಟಿ ಆಗೇತಿ ಅಂತ ನಿವಾಳಿಸಿ ಒಗದೇನಿ. ಆಮೇಲೆ ಬೆನ್ನು ಸವರಿದ ಹಾಗೆ ಹೇಳಿದಳು, ನೀವ ಪುಣ್ಯಾ ಕಟ್ಕೊಂಡ್ರಿ ಅಕ್ಕಾರ, ಕೂಸುಗೋಳನ್ನ ಒಳಗ ಬಿಡಬ್ಯಾಡ್ರಿ ಅಂತ ನೀವ ಹೇಳಿದ ಮ್ಯಾಲೆ ಮಾಲಕರ ಮಾಲ ಮನೀಗೇ ಕಳಸಾಕತ್ತಾರ, ಈಗ ಓಣಿಯವ್ರೆಲ್ಲಾ ನಮ್ಮ ನಮ್ಮ ಹಿತ್ತಲದಾಗ ಕುಂತ ಒಡೀತೇವಿ, ಕೂಸ ಕಣ್ಮುಂದ ಇರ್ತೈತಿ. ಮಕ್ಕಳು ಕೆಲಸದ ಹತ್ತಿರ ಹೋಗಬಾರದು ಎಂದು ಬರೆದಿದ್ದಳು, ಕೆಲಸ ಮಕ್ಕಳ ಹತ್ತಿರ ಬಂದು ಕೂತಿತ್ತು. ಏನೋ ಹೇಳಬೇಕೆಂದು ಬಾಯಿ ತೆರೆದಳು, ಶೇವಂತೆವ್ವ ಸೆರಗಿಗೆ ಕೈ ಒರೆಸಿಕೊಂಡು ಆಗಲೇ ಅಕ್ಕಿ ತುಂಬಿದ ಮೊರ ಹಿಡಿದು ನಿಂತಿದ್ದಳು, ಸೀರಿ ಉಟ್ಟಿಲ್ಲಲ್ರಿ, ಇರ್ಲಿ, ವೇಲ ಹಿಡೀರಿ. ಉಮಾಶ್ರೀ ವೇಲು ಒಡ್ಡಿದಳು. ಬೊಗಸೆ ಬೊಗಸೆ ಅಕ್ಕಿ. ಕೊನೆಗೆ ಕೊಬ್ಬರಿ ಬಟ್ಟಲು, ಒಳಮೈಗೆ ಹೆಬ್ಬೆರಳು ಒತ್ತಿ ಹಿಡಿದು ಮೇಲಿಟ್ಟಳು.

ಆಟೋದಲ್ಲಿ ಕೂತವಳೇ ಪ್ರತಾಪನಿಗೆ ಫೋನು ಮಾಡಿದ್ದಳು, ಅವಳ ಮೇಲಿನ ಅಧಿಕಾರಿ, ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಜಗಳಾಡಬಹುದಿತ್ತು, ಎಲ್ಲ ಕೇಳಿಸಿಕೊಂಡ, ಆಮೇಲೆ ಅಂದ, ಮನಿ ನಮ್ಮ ವ್ಯಾಪ್ತಿಯೊಳಗ ಬರೂದಿಲ್ರಿ ಮೇಡಂ, ಕಾರಖಾನಿ ಹೆಂಗೈತಿ ಅದನ್ನ ಹೇಳ್ರಿ. ಮಾಲು ಮನೆಗೆ ಕಳಿಸುವುದು ನಿಲ್ಲಿಸೋಣ, ಮಕ್ಕಳ ರಕ್ತ ಪರೀಕ್ಷೆ ಮಾಡಿಸೋಣ, ಕಾರಖಾನೆಯಲ್ಲೇ ಆ ಹೆಂಗಸರಿಗೆ ಕೆಲಸ, ಹೊರಗೆ ಕೂಸುಗಳಿಗೊಂದು ಜಾಗ — ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಮೇಡಂ, ಹಿತ್ತಲದ ಸುದ್ದಿ ಒಮ್ಮೆ ಬರದ್ರಿ ಅಂದ್ರ ಹಿತ್ತಲಾನೂ ಕಾರಖಾನಿ ಲೆಕ್ಕಕ್ಕ ಬರ್ತೈತಿ, ನಿಮ್ಮ ಸಂಹಿತಿ ಪ್ರಕಾರನ ನೀಲಕಂಠಪ್ಪನ್ನ ಬಿಡಬೇಕಾಗ್ತೈತಿ, ನಡುವಿನ ದಾರಿ ನೀವ ಇಟ್ಟಿಲ್ಲ, ಅಂವನ್ನ ಬಿಟ್ರ ಮಾಲ ಉಪ್ಪಿನಬೆಟಗೇರಿ ಕಡೆಯಂವಗ ಹೋಗ್ತೈತಿ, ಅಂವನ ಹಿತ್ತಲ ನೋಡೀರೇನು? ಇಲ್ಲ, ಅಂದಳು. ಆಫೀಸ ಮುಚ್ಚೂದ್ರೊಳಗ ಒಂದ ಮಾತ ಹೇಳ್ರಿ, ಹೂಂ ಅಂತೀರೋ ಉಹುಂ ಅಂತೀರೋ. ನವನಗರ ಹೋಯಿತು, ರಾಯಾಪುರ ಹೋಯಿತು, ಫೋನು ಕೈಯಲ್ಲೇ ಬೆವರುತ್ತಿದೆ. ಉಹುಂ ಅಂದರೆ ಶೇವಂತೆವ್ವನ ಓಣಿಗೇ ನಾಳೆಯಿಂದ ಕೆಲಸವಿಲ್ಲ, ಉಡಿ ತುಂಬಿದ ಮನೆಗೆ ಬೆಂಕಿ ಇಟ್ಟು ಬಂದ ಹಾಗೆ, ಮನೆಯೊಳಗೆ ಕರೆದಳಲ್ಲ, ಕರೆಯದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು. ಹೂಂ ಅಂದರೆ ಆ ಕೂಸು, ಬೆರಳು ಬಾಯಲ್ಲಿ. ಉಹುಂ ಅಂದರೂ ಇನ್ನೊಂದು ಊರು, ಇನ್ನೊಂದು ಹಿತ್ತಲು, ಇನ್ನೊಂದು ಕೂಸು, ಅಷ್ಟೇ ವ್ಯತ್ಯಾಸ, ಅದನ್ನು ತಾನು ನೋಡಿರುವುದಿಲ್ಲ. ನಾಲಿಗೆಯ ಮೇಲೆ ತಾಮ್ರ ನೆಕ್ಕಿದ ರುಚಿ, ಬಸಿರಿನದೋ ಬೇರೆಯದೋ, ಈ ಗಂಟನ್ನು ಮುಂದಿನ ನಿಲ್ದಾಣದಲ್ಲಿ ಇಳಿದು ಎಲ್ಲಾದರೂ ಸುರಿದುಬಿಡಲೇ, ಉಡಿಯಕ್ಕಿ ಚೆಲ್ಲುವವರುಂಟೇ, ಅದೂ ಆ ಮನೆಯ ಅಕ್ಕಿ, ನಡೀತೈತೇನ್ರಿ ಎಂದು ಕೇಳಿದ ಬಾಯಿ, ಚೆಲ್ಲಿದರೆ ಅವಳು ಹೆದರಿದ್ದೇ ಖರೇ ಆಯಿತು, ಸೀಸಕ್ಕಾಗಿ ಚೆಲ್ಲಿದೆ ಅಂದರೆ ಯಾರು ನಂಬುತ್ತಾರೆ, ತಾನೇ ನಂಬುತ್ತಾಳೆಯೇ. ಇಷ್ಟಾಗಿ ಶೇವಂತೆವ್ವ ಏನೂ ಮುಚ್ಚಿಡಲಿಲ್ಲ, ಯಾರಿಗೂ ಹೇಳಬೇಡಿ ಅನ್ನಲಿಲ್ಲ, ಮುಚ್ಚಿಡುವಂಥದ್ದು ಇದೆ ಅನ್ನುವುದೇ ಅವಳಿಗೆ ಗೊತ್ತಿಲ್ಲ. ನವಲೂರಿನ ಹತ್ತಿರ ಉಮಾಶ್ರೀಯ ಬೆರಳು ಬರೆಯಿತು, ಕಾರಖಾನೆ ವ್ಯವಸ್ಥಿತವಾಗಿದೆ, ಒಪ್ಪಿಗೆ ಮುಂದುವರಿಸಬಹುದು. ಕಳಿಸಿದಳು. ಅವರ ಕೆಲಸ ಉಳಿಯಿತು ಎಂದುಕೊಂಡಳು, ನನ್ನದೂ ಉಳಿಯಿತು ಎಂದು ಒಳಗೆ ಇನ್ನೊಬ್ಬಳು ಅಂದಳು, ಥೂ, ಇಷ್ಟೇನಾ ನಾನು. ಪ್ರತಾಪನ ಉತ್ತರ ತಕ್ಷಣ ಬಂತು, ಮಾತಿಲ್ಲ, ಒಂದು ಹೆಬ್ಬೆರಳಿನ ಚಿತ್ರ, ಹಳದಿ, ನುಣ್ಣಗೆ, ಒಂದೂ ಗೆರೆಯಿಲ್ಲ. ಮುದುಕಿ ಇಳಿಯುವಾಗ ಅವಳ ಗಂಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು.

ಮಾಳಮಡ್ಡಿಯ ಮನೆಯಲ್ಲಿ ದೀಪ ಹಚ್ಚುವ ಹೊತ್ತು. ಅತ್ತೆ ಮುರಿಗೆವ್ವ ಬಾಗಿಲಲ್ಲೇ ಗಂಟು ನೋಡಿದರು, ಅಯ್ಯ, ಯಾರ ಉಡಿ ತುಂಬಿದ್ರು ಯವ್ವಾ? ಗಬ್ಬೂರಾಗ ಅತ್ತಿ, ಶೇವಂತೆವ್ವ ಅಂತ, ಬ್ಯಾಟರಿ ಕೆಲಸಾ ಮಾಡಾಕಿ. ಯಾವ ಪೈಕಿ ಎಂದು ಜಾತಿ ಕೇಳುತ್ತಾರೆ ಅಂತ ಉಮಾಶ್ರೀ ಕಾದಳು, ಕೇಳಿದರೆ ಒಳ್ಳೆಯದು ಅನ್ನಿಸಿತು, ಕೇಳಿ ಬೇಡವೆಂದರೆ ತಾನು ಹೇಳುವುದು ತಪ್ಪುತ್ತದೆ, ಅತ್ತೆಯ ಮೇಲೆ ಸಿಟ್ಟು ಮಾಡಿಕೊಂಡು ಮಲಗಬಹುದು, ಕೇಳಲಿಲ್ಲ ಅವರು, ಅಕಿ ಹೊಟ್ಟಿ ತಣ್ಣಗಿರಲಿ ಎಂದು ಗಂಟನ್ನು ಎರಡೂ ಕೈಯಲ್ಲಿ ಇಸಕೊಂಡು ದೇವರ ಜಗಲಿಯ ಮುಂದೆ ಬಿಚ್ಚಿದರು, ನಾಳಿ ಇದರದ ಹುಗ್ಗಿ ಮಾಡ್ತೇನಿ, ಬ್ಯಾರೆ ಯಾರಿಗೂ ಇಲ್ಲ, ನೀ ಒಬ್ಬಾಕಿನ ಉಣಬೇಕು. ಕೊಬ್ಬರಿ ಬಟ್ಟಲು ಎತ್ತಿದರು. ದೀಪದ ಬೆಳಕಿಗೆ ತಿರುಗಿಸಿದರು. ಮಸಿ ಹತ್ತೇತಲ್ಲ, ಎಂದು ತಮ್ಮ ಹೆಬ್ಬೆರಳಿನಿಂದ ತಿಕ್ಕಿದರು, ಹೋಗಲಿಲ್ಲ, ಅವರ ಹೆಬ್ಬೆರಳೂ ಬೂದಾಯಿತು, ಇರಲಿ ಬಿಡು ಎಂದು ಅಂಚಿನ ಒಂದು ಚೂರು ಮುರಿದು ಉಮಾಶ್ರೀಯ ಬಾಯಿಗೆ ಹಿಡಿದರು, ಮೊದಲ ಇಷ್ಟ ತಿನ್ನು, ಕೂಸಿಗೆ — ಬ್ಯಾಡ್ರಿ ಅತ್ತಿ! ಚೀರಿಯೇಬಿಟ್ಟಳು, ಚೂರು ಕೆಳಗೆ ಬಿತ್ತು. ಮಸಿ ಅಲ್ರಿ ಅದು, ಸೀಸ, ವಿಷ, ಅಕ್ಕ್ಯಾಗೂ ಐತಿ, ಅಕಿ ಮನಿ ತುಂಬ ಐತಿ, ಹೊಟ್ಟ್ಯಾಗಿನ ಕೂಸಿಗೆ ಹತ್ತತೈತಿ, ನಿಮ್ಮ ಕೈ ತೊಳಕೋರಿ ಮೊದಲ. ಮುರಿಗೆವ್ವ ಕೈ ತೊಳೆಯಲು ಏಳಲಿಲ್ಲ. ಬಟ್ಟಲನ್ನು ತಾಟಿನಲ್ಲಿಟ್ಟು ಸೊಸೆಯ ಮುಖ ನೋಡಿದರು, ಅಕಿ ಮನ್ಯಾಗ ಕೂಸ ಅದಾವೇನು? ಒಂದ ಐತ್ರಿ. ಹಂಗಾರ ಇದನ್ನ ಅಕಿಗೆ ಹೇಳಿ ಬಂದಿಯಿಲ್ಲೋ?

ಹೇಳಿ ಬಂದೆನೋ ಇಲ್ಲವೋ, ಪ್ರತಾಪನಿಗೆ ಹೇಳಿದೆ, ಆಟೋದಲ್ಲಿ ಕೂತ ಕೂಡಲೇ ಹೇಳಿದೆ, ನೀಲಕಂಠಪ್ಪನವರಿಗೆ ನಾಳೆ ಹೇಳಬಹುದು, ಮುಂಬಯಿಗೆ ಬರೆಯಬಹುದು, ಅಲ್ಲಿ, ಹಿತ್ತಲಲ್ಲಿ, ಬಾಯಿ ತೆರೆದೆ, ಅಷ್ಟರಲ್ಲಿ ಅವಳು ಅಕ್ಕಿ ತಂದಳು, ಉಡಿ ತುಂಬುವ ಕೈಗೆ ವಿಷ ಅನ್ನುವುದು ಹೇಗೆ, ಮನಸ್ಸಿಗೆ ಹತ್ತುತ್ತದಲ್ಲ, ಬೇಜಾರು ಮಾಡಿಕೊಳ್ಳುತ್ತಾಳಲ್ಲ ಎಂದು — ಬೇಜಾರು ಮಾಡಿಕೊಳ್ಳುತ್ತಾಳೆಂದು ಹೇಳಲಿಲ್ಲ, ಒಂದು ಮಾತು, ಕೈ ತೊಳೆದು ಉಣಿಸವ್ವಾ ಕೂಸಿಗೆ ಎಂಬಷ್ಟು ಕೂಡ, ಫೋನು ಮಾಡಿಯಾದರೂ, ಫೋನು ತೆರೆದಳು, ಸರಪಳಿಯ ಎಲ್ಲರ ನಂಬರೂ ಇದೆ ಅದರಲ್ಲಿ, ಲಾರಿಯವನದು, ತೂಕ ಮಾಡುವವನದು, ಶೇವಂತೆವ್ವನದಿಲ್ಲ, ಈಗ ಅಲ್ಲೂ ದೀಪ ಹಚ್ಚಿರುತ್ತಾರೆ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತುತ್ತು ಮಾಡುತ್ತಿರುತ್ತಾಳೆ, ಅನ್ನ ಹಿಸುಕಿ, ಹೆಬ್ಬೆರಳಿನಿಂದ ಒತ್ತಿ, ಬಾಯಿ ತೆರಿ ನಮ್ಮವ್ವ ಎಂದು, ಕೂಸು ಮಾತಾಡುವುದಿಲ್ಲ, ಬಾಯಿ ಮಾತ್ರ ತೆರೆಯುತ್ತದೆ, ಹೇಳಿ ಬಂದಿಯಿಲ್ಲೋ ಉಮಾ, ಅತ್ತೆ ಮತ್ತೆ ಕೇಳುತ್ತಿದ್ದಾರೆ, ತಾಟಿನಲ್ಲಿ ಕೊಬ್ಬರಿ ಬಟ್ಟಲು, ಬೆಳ್ಳಗೆ, ಅದರ ಮೇಲೆ ಹೆಬ್ಬೆರಳು, ಬೂದು ಹೆಬ್ಬೆರಳು, ಗೆರೆ ಗೆರೆ, ಬಾಯಿ ತೆರಿ, ಹೆಬ್ಬೆರಳು —