ಮೇಘನಳನ್ನು ಯಾವ ತರಗತಿಗೆ ಸೇರಿಸೋಣ?

ದೊಡ್ಡಬಳ್ಳಾಪುರದ ನೇಕಾರ ನಂದಕುಮಾರನಿಗೆ ಮಗಳ ಮುಖ ನೋಡಿದರೆ ಸಂಕಟ. ಮೇಘನ ಐದನೇ ತರಗತಿಯಲ್ಲಿದ್ದಾಗ ಅವಳ ತಾಯಿ ಹಾಸಿಗೆ ಹಿಡಿದಳು. ಅಡುಗೆ, ತಮ್ಮನ ಆರೈಕೆ, ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು, ಎಲ್ಲವೂ ಆ ಕೂಸಿನ ತಲೆಗೇ ಬಿತ್ತು. ಶಾಲೆ ಬಿಟ್ಟುಹೋಯಿತು. ಈಗ ತಾಯಿ ಎದ್ದು ಓಡಾಡುತ್ತಾಳೆ, ಹುಡುಗಿಗೆ ಹನ್ನೆರಡು ತುಂಬಿದೆ. ಆದರೆ ಶಾಲೆಯ ಮಾತೆತ್ತಿದರೆ ಸಾಕು, ಗೋಡೆ ಕಡೆ ಮುಖ ಮಾಡಿ ಕೂರುತ್ತಾಳೆ.

ಒಂದು ಭಾನುವಾರ ಪಕ್ಕದ ಮನೆಯ ಪಾಪಕ್ಕ ಬಂದರು. ಸರ್ಕಾರಿ ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಸದಸ್ಯೆ. ಮುಲಾಜಿಲ್ಲದ ಹೆಂಗಸು.

“ಏನಪ್ಪಾ ನಂದ, ಮಗೂನ ಇನ್ನೂ ಮನೇಲೇ ಕೂರಿಸ್ಕೊಂಡಿದ್ದೀಯಲ್ಲ?”

“ನಾನೇನು ಬೇಡ ಅಂದ್ನಾ ಅಕ್ಕಾ? ಮತ್ತೆ ಐದನೇ ಕ್ಲಾಸಿಗೆ ಹೋಗು ಅಂದ್ರೆ ಒಪ್ತಿಲ್ಲ. ಅವಳ ತಮ್ಮನೂ ಈಗ ಐದನೇ ಕ್ಲಾಸು. ಅವನ ಜೊತೆ ಕೂರೋಕೆ ನಾಚಿಕೆ ಅಂತಾಳೆ.”

“ಐದನೇ ಕ್ಲಾಸಿಗೇ ಹೋಗ್ಬೇಕು ಅಂತ ನಿಂಗೆ ಹೇಳಿದ್ಯಾರು?”

“ಯಾರು ಹೇಳ್ಬೇಕು? ಎಳೆ ಎಲ್ಲಿ ಕಡೀತೋ ಅಲ್ಲೇ ತಾನೆ ಗಂಟು ಹಾಕೋದು?”

ಪಾಪಕ್ಕನಿಗೆ ನಗು ತಡೆಯಲಾಗಲಿಲ್ಲ. “ಲೋ, ನಿನ್ನ ಮಗಳೇನು ಸೀರೆನಾ? ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸ್ಕೋಬೇಕು ಅಂತ ಕಾನೂನೇ ಐತೆ ಕಣೋ. ಹನ್ನೆರಡು ಅಂದ್ರೆ ಏಳನೇ ಕ್ಲಾಸು. ತಪ್ಪಿಹೋದ ಪಾಠಾನ ಬೇರೆಯಾಗಿ ಕೂರಿಸ್ಕೊಂಡು ಹೇಳ್ಕೊಡ್ತಾರೆ.”

“ಹಳೇ ಸ್ಕೂಲಿಂದ ಟಿ.ಸಿ. ತಂದಿಲ್ವಲ್ಲ?”

“ಅದು ತಡ ಆಯ್ತು ಅಂತ ಮಗೂನ ವಾಪಸ್ ಕಳಿಸೋ ಹಾಗಿಲ್ಲ. ಎಂಟನೇ ಕ್ಲಾಸಿನವರೆಗೆ ಫೀಸೂ ಇಲ್ಲ. ಪುಸ್ತಕ, ಮಧ್ಯಾಹ್ನದ ಊಟ ಅಲ್ಲೇ ಸಿಗುತ್ತೆ.”

ಹಠಮಾರಿ ಎಂದು ಮಗಳನ್ನು ದಿನವೂ ಬೈದದ್ದು ನಂದಕುಮಾರನಿಗೆ ನೆನಪಾಯಿತು. ಅಷ್ಟರಲ್ಲಿ ಒಳಗಿನಿಂದ ಮೇಘನಳ ದನಿ ಕೇಳಿತು.

“ದೊಡ್ಡಮ್ಮಾ, ನಂಗೆ ಭಾಗಾಕಾರಾನೇ ಮರ್ತ್ಹೋಗೈತೆ. ಎಲ್ರೂ ನಗಲ್ವಾ?”

“ಎಲ್ಲಾ ಬರ್ತಿದ್ರೆ ಸ್ಕೂಲು ಯಾಕಮ್ಮಾ ಬೇಕು? ನಾಳೆ ನಾನೂ ಜೊತೇಲಿ ಬರ್ತೀನಿ, ನಡಿ.”

ಸೋಮವಾರ ನಂದಕುಮಾರ ಮಗ್ಗ ನಿಲ್ಲಿಸಿ, ಪಾಪಕ್ಕನ ಜೊತೆ ಮಗಳನ್ನು ಶಾಲೆಗೆ ಕರೆದೊಯ್ದ. ಮುಖ್ಯೋಪಾಧ್ಯಾಯಿನಿ ಏಳನೇ ತರಗತಿಗೇ ಸೇರಿಸಿಕೊಂಡರು. ತರಗತಿಯ ಬಾಗಿಲಲ್ಲಿ ಒಂದು ಗಳಿಗೆ ಅಪ್ಪನ ಕೈ ಬಿಗಿಯಾಗಿ ಹಿಡಿದ ಮೇಘನ, ಒಳಗಿದ್ದ ಹುಡುಗಿಯೊಬ್ಬಳು ಬೆಂಚಿನಲ್ಲಿ ಸರಿದು ಜಾಗ ಬಿಟ್ಟದ್ದೇ ಕೈ ಬಿಡಿಸಿಕೊಂಡು ಹೋಗಿಬಿಟ್ಟಳು. ತಿರುಗಿಯೂ ನೋಡಲಿಲ್ಲ. ನಂದಕುಮಾರನಿಗೆ ಅದಕ್ಕಿಂತ ಸಂತೋಷ ಬೇರೆ ಬೇಕಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಶಾಲೆ ಬಿಟ್ಟ ಮಗು ಇರಬಹುದು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಾಲೆಯಲ್ಲಿ ಹಕ್ಕಿನ ಜಾಗವಿದೆ. ಜೂನ್ ಬರಲಿ ಎನ್ನಬೇಡಿ, ಹತ್ತಿರದ ಸರ್ಕಾರಿ ಶಾಲೆಗೆ ಇವತ್ತೇ ಕರೆದೊಯ್ಯಿರಿ. ಕಾಗದಪತ್ರ ಆಮೇಲೂ ತರಬಹುದು. ನಾವು ಕಾಯುತ್ತಾ ಕೂತರೆ ಮಗು ದೊಡ್ಡದಾಗಿಬಿಡುತ್ತದೆ.