ಹಳದಿ ಟೇಪು ಕಿತ್ತ ಮಧ್ಯಾಹ್ನ

ನಮ್ಮ ಲ್ಯಾಬಿನಲ್ಲಿ ದೇವರು ಅಂತ ಇದ್ದರೆ ಅದು ಹಳದಿ ಟೇಪು. ಲೇಸರ್ ಬೆಳಕು ಹಾಯಿಸುವ, ಕೂದಲಿನಷ್ಟು ಸಣ್ಣ ಗಾಜಿನೆಳೆಯನ್ನು ಮೇಜಿನ ಮೇಲೆ ಸುರುಳಿಯಾಗಿ ಮಲಗಿಸಿ, ಟೇಪು ಅಂಟಿಸಿ, ತಾರೀಖು ಬರೆದ ಮೇಲೆ ಯಾರೂ ಮುಟ್ಟುವ ಹಾಗಿಲ್ಲ. ಎಳೆ ಒಂದಿಷ್ಟು ಜರುಗಿದರೂ ಆಚೆ ತುದಿಯ ಬೆಳಕು ಬಣ್ಣಗೆಡುತ್ತದೆ. ಹಿಮ ಮೆತ್ತಿದ ಬೂಟು ಹೊರಗೆ ಬಿಟ್ಟು, ಬೆಕ್ಕಿನ ಹೆಜ್ಜೆ ಹಾಕುತ್ತಾ ಕೆಬೆಕ್‌ನ ಈ ಕಟ್ಟಡದಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಟೇಪು ಅಂಟಿಸುವವನು ನಾನೇ.

ಮಾಯೆಲ್ ಇಲ್ಲಿ ಐದು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದಾಳೆ. ಲೇಸರಿನ ಮಿಡಿತಕ್ಕೆ, ಅಂದರೆ ಬೆಳಕಿನ ಒಂದೊಂದು ಪುಟ್ಟ ತುಣುಕಿಗೆ, ಎಳೆಯೊಳಗೆ ಹೋಗುವ ಮೊದಲೇ ತಕ್ಕ ಆಕಾರ ಕೊಟ್ಟರೆ, ಎಳೆ ಹೇಗೇ ಬಿದ್ದಿರಲಿ, ಬೇಕಾದ ಬಣ್ಣ ಪಡೆಯಬಹುದು ಎಂಬುದು ಅವಳ ವಾದ. ಅವಳ ಗೈಡ್ ಪ್ರೊಫೆಸರ್ ಲಾಶಾಪೆಲ್ ಒಪ್ಪಲಿಲ್ಲ. ಅವಳಿಗೆ ಈವರೆಗೆ ಬಣ್ಣ ಬಂದದ್ದೆಲ್ಲ ಗೇತಾನ್ ಅಂಟಿಸಿದ ಟೇಪಿನ ಪುಣ್ಯ ಎಂದು ನನ್ನ ಹೆಸರು ಹಿಡಿದೇ ನಕ್ಕರು. ಆ ವಾದವಿರುವ ನಾಲ್ಕನೆಯ ಅಧ್ಯಾಯವನ್ನು ಪ್ರಬಂಧದಿಂದ ಸೋಮವಾರದೊಳಗೆ ತೆಗೆಯಬೇಕೆಂದರು. ಅದು ಹೋದರೆ ಉಳಿಯುವುದು ಅವರದೇ ಹಳೆಯ ಕೆಲಸ. ನನಗೆ ಮೈ ಉರಿಯಿತು.

ಶುಕ್ರವಾರ ಊಟವಾದ ಮೇಲೆ ಅವಳು ಅವರನ್ನು ಮೇಜಿನ ಬಳಿ ಕರೆದಳು. ಗೋಡೆಯ ಬಿಳಿ ಹಾಳೆಯ ಮೇಲೆ, ಎಳೆಯ ತುದಿಯಿಂದ ಬಿದ್ದ ಕಿತ್ತಳೆ ಬಣ್ಣದ ಚುಕ್ಕೆ ನಿಂತಿತ್ತು. ಅವಳು ಟೇಪನ್ನು ಪರ್ರನೆ ಕಿತ್ತಳು. ಸುರುಳಿಯನ್ನು ಎತ್ತಿ, ಒದ್ದೆ ಬಟ್ಟೆ ಕೊಡವಿದ ಹಾಗೆ ಕೊಡವಿ, ಕೆಳಗೆ ಬಿಟ್ಟಳು. ಕಿತ್ತಳೆ ಕದಡಿ ಕೊಳಕು ಬಿಳುಪಾಯಿತು.

"ಐದು ವರ್ಷ ನೀರಿಗೆ ಹಾಕಿದೆಯಲ್ಲ," ಎಂದರು ಪ್ರೊಫೆಸರ್.

"ಸ್ವಲ್ಪ ತಡೀರಿ," ಎಂದಳು.

ಕಂಪ್ಯೂಟರ್ ಒಂದೊಂದೇ ಆಕಾರ ತಿದ್ದಿ ಮಿಡಿತವನ್ನು ಒಳಗೆ ಕಳಿಸುತ್ತಾ ಹೋಯಿತು. ಒಂದು ನಿಮಿಷ, ಎರಡು. ಏನೂ ಆಗಲಿಲ್ಲ. ಮೂರನೆಯ ನಿಮಿಷಕ್ಕೆ ಹಾಳೆಯ ಮೇಲೆ ಕೆಂಪು ಸುಳಿಯಿತು, ಆಮೇಲೆ ಕಿತ್ತಳೆ ಬಂದು ನಿಂತಿತು.

ಒಂದು ಸಲ ಆದದ್ದು ಸಾಲದು ಎಂದು ಅವರು ಗೊಣಗಿದರು. ನಾನು ಅಭ್ಯಾಸಬಲದಿಂದ ಟೇಪಿನ ಉರುಳೆಗೆ ಕೈ ಹಾಕಿದ್ದೆ. ಮಾಯೆಲ್ ಅದನ್ನು ಕಿತ್ತುಕೊಂಡು ಕಸದ ಬುಟ್ಟಿಗೆ ಎಸೆದಳು. ಸುರುಳಿಯನ್ನು ಅವರ ಕೈಗೇ ಇಟ್ಟಳು.

"ಈ ಸಲ ನೀವೇ ಕೆಡಿಸಿ ಸರ್. ಎಷ್ಟು ಬೇಕಾದ್ರೂ ಕೆಡಿಸಿ."

ಒಮ್ಮೆ ಟೇಪು ಅಂಟಿಸಿದ ಎಳೆಗೆ ಅವರು ಕೈ ತಾಗಿಸಿದ್ದನ್ನು ನಾನು ಎಂದೂ ಕಂಡವನಲ್ಲ. ಈಗ ಅವರು ಎಳೆಯನ್ನು ತಿರುಚಿ ಮೇಜಿನ ಮೇಲೆ ಹಾಕಿದರು, ಬೆಳಕು ಕೆಟ್ಟಿತು, ಕಾದೆವು, ಕಿತ್ತಳೆ ಬಂತು. ಅವರು ಮತ್ತೆ ತಿರುಚಿದರು. ನಾಲ್ಕನೆಯ ಸಲ ಬಣ್ಣ ಬಂದಾಗ ಮಾಯೆಲ್ ಕೋಟು ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಳು.

"ಅಧ್ಯಾಯ ಸೋಮವಾರ ತಂದುಕೊಡ್ತೀನಿ," ಎಂದಳು. "ಇದ್ದ ಹಾಗೇ."